ಶನಿವಾರದ ಸಿನಿಮಾಗೆ ಬರೋ ಮುಂಚೆ: ಬಾಲ್‌ರೂಮ್ ಬಗ್ಗೆ ಪದೇ ಪದೇ ಕೇಳಿದ ಪ್ರಶ್ನೆಗಳು

ನ್ಯೂಯಾರ್ಕ್ ಪಕ್ಕದ ಜೆರ್ಸಿ ಸಿಟಿಯಲ್ಲಿರುವ ನಾವು ಆರು ಜನ ಕನ್ನಡದವರು ಸೇರಿ ಈ ಶನಿವಾರ ಸಂಜೆ 4 ಗಂಟೆಗೆ ಒಂದು ಸಾಕ್ಷ್ಯಚಿತ್ರ ತೋರಿಸುತ್ತಿದ್ದೇವೆ. ಹೆಸರು ‘ಪ್ಯಾರಿಸ್ ಈಸ್ ಬರ್ನಿಂಗ್’. ನ್ಯೂಯಾರ್ಕಿನ ‘ಬಾಲ್’ ಸ್ಪರ್ಧೆಗಳು, ಅವುಗಳ ಸುತ್ತ ಬೆಳೆದ ‘ಬಾಲ್‌ರೂಮ್’ ಲೋಕದ ಬಗ್ಗೆ. ಆಮೇಲೆ ಒಂದು ಗಂಟೆ ಮಾತುಕತೆ. ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕಿದ ದಿನದಿಂದ ಪ್ರಶ್ನೆಗಳು ಬರುತ್ತಲೇ ಇವೆ. ಕೆಲವು ಗುಂಪಿನಲ್ಲೇ ಬಂದವು, ಜಾಸ್ತಿ ಪಾಲು ಖಾಸಗಿಯಾಗಿ ಬಂದವು, ಎರಡು ಪ್ರಶ್ನೆ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುವಾಗ ಬಂದವು. ಎಲ್ಲರಿಗೂ ಬೇರೆ ಬೇರೆ ಉತ್ತರ ಕೊಡೋ ಬದಲು ಇಲ್ಲೇ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ನೀವು ಕೇಳಿದ ಹಾಗೇ ಬಿಟ್ಟಿದ್ದೇನೆ, ತಿದ್ದಿಲ್ಲ.

ಬಾಲ್ ಅಂದ್ರೆ ಏನು? ಚೆಂಡಿನ ಆಟವಾ?

ನಗಬೇಡಿ, ಮೂರು ಜನ ಕೇಳಿದ್ದಾರೆ. ಚೆಂಡಲ್ಲ. ಹಿಂದೆ ದೊಡ್ಡ ಮನೆತನದವರು ಅಲಂಕಾರ ಮಾಡಿಕೊಂಡು ಸೇರಿ ಕುಣಿಯುತ್ತಿದ್ದ ಕೂಟಕ್ಕೆ ಬಾಲ್ ಅನ್ನುತ್ತಿದ್ದರು. ಸಿಂಡ್ರೆಲಾ ಚಪ್ಪಲಿ ಕಳೆದುಕೊಂಡಿದ್ದು ಅಂಥ ಒಂದು ಬಾಲ್‌ನಲ್ಲೇ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರು, ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಜನರು, ಅವರಲ್ಲೂ ಸಲಿಂಗಿಗಳು ಮತ್ತು ಟ್ರಾನ್ಸ್ ಹೆಂಗಸರು (ಹುಟ್ಟಿದಾಗ ಗಂಡು ಅನ್ನಿಸಿಕೊಂಡರೂ ಹೆಂಗಸರಾಗಿರುವವರು) ಈ ಪದವನ್ನು ತಮ್ಮದು ಮಾಡಿಕೊಂಡರು.

ಅವರ ಬಾಲ್ ಒಂದು ಸ್ಪರ್ಧೆ. ಬಾಡಿಗೆಗೆ ಹಿಡಿದ ಹಾಲ್. ನಡುವೆ ಉದ್ದಕ್ಕೆ ಖಾಲಿ ಜಾಗ, ಒಂದು ತುದಿಯಲ್ಲಿ ತೀರ್ಪುಗಾರರ ಮೇಜು, ಮೈಕ್ ಹಿಡಿದು ಎಲ್ಲರ ಕಾಲೆಳೆಯುವ ನಿರೂಪಕ, ಎರಡೂ ಬದಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ಜನ. ಕರೆದಾಗ ನಡೆದು ಬರಬೇಕು. ಅದಕ್ಕೆ ‘ವಾಕ್ ಮಾಡುವುದು’ ಅನ್ನುತ್ತಾರೆ. ತೀರ್ಪುಗಾರರು ಎಲ್ಲರೂ 10 ಅಂತ ಹಲಗೆ ಎತ್ತಿದರೆ ಮುಂದಿನ ಸುತ್ತು. ಒಪ್ಪಲಿಲ್ಲ ಅಂದರೆ ‘ಚಾಪ್’, ಅಂದರೆ ಅವತ್ತಿನ ಆಟ ಮುಗೀತು. ಗೆದ್ದವರಿಗೆ ಟ್ರೋಫಿ. ಕೆಲವು ಟ್ರೋಫಿಗಳು ಗೆದ್ದವರಿಗಿಂತ ಎತ್ತರ ಇರುತ್ತವೆ. ಶುರುವಾಗುವುದೇ ತಡರಾತ್ರಿ, ಮುಗಿಯುವುದು ನಮ್ಮ ಬಯಲಾಟದ ಹಾಗೆ ಬೆಳಕು ಹರಿದ ಮೇಲೆ.

ಡ್ರ್ಯಾಗ್ ಅಂದ್ರೆ ಹೆಣ್ಣುವೇಷ ತಾನೇ? ನಮ್ಮ ಯಕ್ಷಗಾನದಲ್ಲಿ ಇಲ್ವಾ?

ಅರ್ಧ ಹೌದು. ಕೋಳ್ಯೂರು ರಾಮಚಂದ್ರ ರಾವ್ ಅವರ ಸ್ತ್ರೀವೇಷ ನೋಡಿ ಬೆಳೆದವರಿಗೆ ಗಂಡಸೊಬ್ಬರು ಸೀರೆ ಉಟ್ಟು ರಂಗಕ್ಕೆ ಬರುವುದು ಹೊಸದೇನಲ್ಲ. ಹಳೇ ನಾಟಕ ಕಂಪನಿಗಳಲ್ಲೂ ಅದೇ ನಡೆಯುತ್ತಿತ್ತು. ಆದರೆ ಅಲ್ಲಿ ಚೌಕಿಗೆ ವಾಪಸ್ ಬಂದು ಬಣ್ಣ ತೊಳೆದರೆ ದಾಕ್ಷಾಯಿಣಿ ಹೋದಳು, ರಾಯರು ಉಳಿದರು.

ಬಾಲ್‌ಗೆ ಬರುವವರಲ್ಲಿ ಹಾಗೆ ಬಣ್ಣ ತೊಳೆದು ಮನೆಗೆ ಹೋಗುವವರೂ ಇದ್ದಾರೆ. ಆದರೆ ಟ್ರಾನ್ಸ್ ಹೆಂಗಸರಿಗೆ ಅದು ವೇಷ ಅಲ್ಲವೇ ಅಲ್ಲ. ಅವರು ಬೆಳಗ್ಗೆ ಹಾಲು ತರೋಕೆ ಹೋಗುವಾಗಲೂ ಹೆಂಗಸರೇ. ಇನ್ನೊಂದು ಕಡೆ, ಹೆಣ್ಣುಡುಗೆ ಮುಟ್ಟದೆ ಸೂಟು, ಸೈನಿಕರ ಸಮವಸ್ತ್ರ, ಸ್ಕೂಲ್ ಹುಡುಗನ ಬಟ್ಟೆಯಲ್ಲಿ ವಾಕ್ ಮಾಡುವ ಗಂಡಸರೂ ಇರುತ್ತಾರೆ. ಹಾಗಾಗಿ ‘ವೇಷ ಹಾಕಿದ್ದಾರೆ’ ಅನ್ನುವ ಮಾತನ್ನು ಎಲ್ಲರ ಮೇಲೂ ಅಂಟಿಸಬೇಡಿ. ಮಾತುಕತೆಯಲ್ಲಿ ಇದೊಂದು ಎಡವಟ್ಟು ಆಗದಿದ್ದರೆ ನನಗೆ ಅರ್ಧ ನೆಮ್ಮದಿ.

ಇದೆಲ್ಲ ಎಂಬತ್ತರ ದಶಕದಲ್ಲಿ ಶುರುವಾದ ಫ್ಯಾಷನ್ ಅಲ್ವಾ?

ಅಲ್ಲ. ಬಹಳ ಹಿಂದೆ ಹೋಗಬೇಕು. 1888ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ನಗರದ ಒಂದು ಮನೆಗೆ ಪೊಲೀಸರು ನುಗ್ಗಿದರು. ಒಳಗೆ ಕಪ್ಪು ಗಂಡಸರು ರೇಷ್ಮೆ ಗೌನು ಹಾಕಿಕೊಂಡು ಕುಣಿಯುತ್ತಿದ್ದರು. ಕೂಟ ಕರೆದಿದ್ದು ವಿಲಿಯಂ ಡಾರ್ಸಿ ಸ್ವಾನ್. ಗುಲಾಮಗಿರಿಯಲ್ಲಿ ಹುಟ್ಟಿದ ಮನುಷ್ಯ. ತನ್ನನ್ನು ತಾನು ಡ್ರ್ಯಾಗ್ ರಾಣಿ ಅಂತ ಕರೆದುಕೊಂಡವರಲ್ಲಿ ನಮಗೆ ಸಿಕ್ಕಿರುವ ಮೊದಲ ಹೆಸರು ಆತನದ್ದು. ಮುಂದೆ ಇಂಥದ್ದೇ ಕೂಟದ ವಿಷಯಕ್ಕೆ ಜೈಲಿಗೆ ಹಾಕಿದಾಗ 1896ರಲ್ಲಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್‌ಗೇ ಕ್ಷಮಾದಾನದ ಅರ್ಜಿ ಹಾಕಿದ. ಅರ್ಜಿ ತಿರಸ್ಕಾರ ಆಯಿತು. ಆದರೆ ಆ ಕಾಲಕ್ಕೆ ಅಷ್ಟು ಕೇಳುವ ಧೈರ್ಯ ನೋಡಿ.

ಹಾರ್ಲೆಮ್‌ನಲ್ಲಿ ಹ್ಯಾಮಿಲ್ಟನ್ ಲಾಡ್ಜ್ ಅನ್ನುವ ಕಪ್ಪು ಜನರ ಸಂಘ 1869ರಿಂದಲೇ ವೇಷದ ಬಾಲ್ ನಡೆಸುತ್ತಿತ್ತು. 1920ರ ದಶಕಕ್ಕೆ ಬರುವಷ್ಟರಲ್ಲಿ ಅದಕ್ಕೆ ಸಾವಿರಾರು ಜನ ಸೇರುತ್ತಿದ್ದರು. ಕುಣಿಯೋರು ಕೆಳಗೆ, ನೋಡೋಕೆ ಬಂದ ಸಿರಿವಂತರು ಮೇಲಿನ ಬಾಲ್ಕನಿಯಲ್ಲಿ.

ಕಪ್ಪು ಜನ ಬೇರೆಯಾಗಿ ಬಾಲ್ ಕಟ್ಟಿಕೊಂಡಿದ್ದಕ್ಕೆ ಒಂದು ಕಾರಣ ಡ್ರ್ಯಾಗ್ ಸೌಂದರ್ಯ ಸ್ಪರ್ಧೆಗಳಲ್ಲಿ ನಡೆಯುತ್ತಿದ್ದ ತಾರತಮ್ಯ. ಬಿಳಿ ತೀರ್ಪುಗಾರರು, ಬಿಳಿ ವಿಜೇತರು. ಕಪ್ಪು ಸ್ಪರ್ಧಿಗಳು ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡರೂ ಗೆಲ್ಲುವುದು ಅಪರೂಪವಾಗಿತ್ತು. 1967ರಲ್ಲಿ ಮ್ಯಾನ್‌ಹ್ಯಾಟನ್‌ನ ಟೌನ್ ಹಾಲ್‌ನಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ಕ್ರಿಸ್ಟಲ್ ಲಬೇಜಾ ಅನ್ನುವವರು ಸಿಟ್ಟಿನಿಂದ ವೇದಿಕೆ ಬಿಟ್ಟು ಹೋದರು. ತೀರ್ಪುಗಾರರಲ್ಲಿ ಹೆಸರಾಂತ ಕಲಾವಿದ ಆಂಡಿ ವಾರ್ಹಾಲ್ ಕೂಡ ಇದ್ದರು. ಕ್ರಿಸ್ಟಲ್ ಸುಮ್ಮನಾಗಲಿಲ್ಲ. ಕೆಲವು ವರ್ಷದಲ್ಲಿ ಗೆಳತಿ ಲಾಟಿ ಜೊತೆ ಹಾರ್ಲೆಮ್‌ನಲ್ಲಿ ತಮ್ಮದೇ ಬಾಲ್ ಕರೆದರು. ‘ಹೌಸ್ ಆಫ್ ಲಬೇಜಾ’ ಅನ್ನುವ ಹೆಸರು ಹುಟ್ಟಿದ್ದು ಹಾಗೆ. ಅವಮಾನ ಆದಮೇಲೆ ಮೂಲೆಯಲ್ಲಿ ಕೂರದೆ ಸ್ವಂತ ಹಾಲ್ ಬಾಡಿಗೆಗೆ ಹಿಡಿದ ಕಥೆ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ.

ಹೌಸ್ ಅಂದ್ರೆ ನಿಜವಾಗಿ ಒಂದು ಮನೆಯಾ?

ಕೆಲವೊಮ್ಮೆ ಮನೆ, ಕೆಲವೊಮ್ಮೆ ಬರೀ ಹೆಸರು. ಸಿನಿಮಾ ನೋಡಿ ಬಂದವರೆಲ್ಲ ಬಟ್ಟೆ, ನಡಿಗೆ ಬಗ್ಗೆಯೇ ಮಾತಾಡುತ್ತಾರೆ. ನನಗೆ ಇದರ ಜೀವ ಇರೋದು ಹೌಸ್‌ನಲ್ಲಿ.

ಅಪ್ಪ ಅಮ್ಮ ಹೊರಗೆ ಹಾಕಿದ ಹದಿನಾಲ್ಕು, ಹದಿನೈದರ ಹುಡುಗ ಹುಡುಗಿಯರು ನ್ಯೂಯಾರ್ಕಿಗೆ ಬರುತ್ತಿದ್ದರು. ಮಲಗೋಕೆ ಜಾಗ ಇಲ್ಲ, ಊಟ ಇಲ್ಲ. ಅವರಿಗಿಂತ ಸ್ವಲ್ಪ ದೊಡ್ಡವರು, ಬೀದಿ ಗೊತ್ತಿದ್ದವರು, ಇಂಥವರನ್ನು ಕರೆದುಕೊಂಡು ಹೋಗಿ ಅನ್ನ ಹಾಕುತ್ತಿದ್ದರು. ಅವರೇ ‘ಮದರ್’. ಕೆಲವು ಹೌಸ್‌ಗೆ ‘ಫಾದರ್’ ಕೂಡ ಉಂಟು. ಸೇರಿದವರು ‘ಚಿಲ್ಡ್ರನ್’. ಹೌಸ್‌ನ ಹೆಸರೇ ಇವರ ಕೊನೇ ಹೆಸರು ಆಗುತ್ತದೆ. ಸಿನಿಮಾದಲ್ಲಿ ಬರುವ ಪೆಪ್ಪರ್ ಲಬೇಜಾ, ವಿಲ್ಲಿ ನಿಂಜಾ, ಏಂಜಿ ಎಕ್ಸ್‌ಟ್ರಾವಗಾನ್ಜಾ, ಹೀಗೆ. ಎಕ್ಸ್‌ಟ್ರಾವಗಾನ್ಜಾ ಹೌಸ್ ಶುರುವಾಗಿದ್ದು 1982ರಲ್ಲಿ, ಲ್ಯಾಟಿನೊ ಹುಡುಗರಿಗೆ ಅಂತಲೇ ಎದ್ದ ಮೊದಲ ಹೌಸ್ ಅದು. ಏಂಜಿ ಅದರ ಮದರ್ ಆದಾಗ ಇನ್ನೂ ಎಳೇ ವಯಸ್ಸು. ಸಿನಿಮಾದಲ್ಲಿ ಆಕೆಯ ಮಕ್ಕಳು ಆಕೆ ಬಗ್ಗೆ ಮಾತಾಡುವುದನ್ನು ಕೇಳಿ. ಹುಟ್ಟುಹಬ್ಬಕ್ಕೆ ಯಾರು ಏನು ಕೊಟ್ಟರು ಅನ್ನುವಂಥ ಮನೆ ಮಾತು.

ಇದು ನಮ್ಮ ಹಿಜ್ರಾ ಮನೆಗಳ ಹಾಗೆ ಅಲ್ವಾ?

ಹೋಲಿಕೆ ಉಂಟು. ಬೆಂಗಳೂರಿನಲ್ಲಿ ‘ಹಮಾಮ್’ ಅನ್ನುವ ಮನೆಗಳ ಬಗ್ಗೆ ಕೇಳಿದ್ದೀರಲ್ಲ, ಅಲ್ಲೂ ಗುರು, ಚೇಲಾ, ಗುರುವಿನ ಗುರುವನ್ನು ನಾನಿ ಅನ್ನುವ ಸಂಬಂಧ. ಮನೆಯಿಂದ ಹೊರಬಿದ್ದವರಿಗೆ ಅಲ್ಲೂ ಒಂದು ಹೆಸರು, ಒಂದು ತಟ್ಟೆ ಊಟ ಸಿಗುತ್ತದೆ. ಎರಡೂ ಕಡೆ ರಕ್ತಸಂಬಂಧ ಕೈಬಿಟ್ಟಾಗ ಜನ ಸಂಬಂಧದ ಹೆಸರುಗಳನ್ನೇ ಎತ್ತಿಕೊಂಡು ಹೊಸ ಮನೆ ಕಟ್ಟಿದ್ದಾರೆ.

ಆದರೆ ಎರಡನ್ನೂ ಒಂದೇ ಅನ್ನಬೇಡಿ. ಹಿಜ್ರಾ ಘರಾನಾಗಳಿಗೆ ಬೇರೆ ಇತಿಹಾಸ, ಬೇರೆ ಕಟ್ಟುಪಾಡು, ದುಡಿಮೆಯ ಲೆಕ್ಕ ಬೇರೆ. ಜೋಗಪ್ಪ, ಜೋಗತಿಯರದ್ದು ಸವದತ್ತಿ ಎಲ್ಲಮ್ಮನ ಜೊತೆಗಿನ ಸಂಬಂಧ. ಹಾರ್ಲೆಮ್‌ನ ಹೌಸ್‌ಗಳು ಹುಟ್ಟಿದ್ದು ಅಮೆರಿಕದ ಬಣ್ಣಭೇದದ ನಡುವೆ. ಮಂಜಮ್ಮ ಜೋಗತಿ ಅವರು ಪದ್ಮಶ್ರೀ ತಗೊಳ್ಳುವಾಗ ಸೆರಗು ಹಿಡಿದು ರಾಷ್ಟ್ರಪತಿಗೆ ದೃಷ್ಟಿ ತೆಗೆದರಲ್ಲ, ಆ ವಿಡಿಯೊ ನೋಡಿ ನಮ್ಮಲ್ಲಿ ಎಷ್ಟೋ ಜನ ಕಣ್ಣು ಒರೆಸಿಕೊಂಡರು. ಅದೇ ಜನ ಈ ಸಿನಿಮಾದ ಸುದ್ದಿಗೆ ‘ಇದೆಲ್ಲ ನಮಗ್ಯಾಕೆ’ ಅಂದರು. ಇದನ್ನು ಶನಿವಾರ ಕೇಳೋಣ ಅಂತ ಇದೆ.

ರಿಯಲ್‌ನೆಸ್ ಅಂತ ಟ್ರೇಲರ್‌ನಲ್ಲಿ ಪದೇ ಪದೇ ಬರುತ್ತೆ. ಏನದು?

ಬಾಲ್‌ನಲ್ಲಿ ಹಲವು ಕ್ಯಾಟಗರಿ ಇರುತ್ತವೆ. ಮುಖದ ಅಂದಕ್ಕೆ ಒಂದು, ನಡಿಗೆಗೆ ಒಂದು, ಕುಣಿತಕ್ಕೆ ಒಂದು. ‘ರಿಯಲ್‌ನೆಸ್’ ಇವೆಲ್ಲಕ್ಕಿಂತ ಬೇರೆ. ಇಲ್ಲಿ ಮಿಂಚಬಾರದು, ಬೆರೆತು ಹೋಗಬೇಕು. ಕಚೇರಿಯ ದೊಡ್ಡ ಸಾಹೇಬ, ಕಾಲೇಜು ಹುಡುಗ, ಸೈನಿಕ, ಬೀದಿಯಲ್ಲಿ ನಡೆದು ಹೋಗುವ ಸಾಮಾನ್ಯ ಹೆಂಗಸು, ಹೀಗೆ ಒಬ್ಬರ ಹಾಗೆ ಬಂದು, ನೋಡಿದವರಿಗೆ ಕಿಂಚಿತ್ತೂ ಅನುಮಾನ ಬರದ ಹಾಗೆ ನಡೆಯಬೇಕು.

ಮೊದಲ ಸಲ ನೋಡಿದಾಗ ನನಗೆ ಇದು ಅಣಕ ಅನ್ನಿಸಿತು. ಎರಡನೇ ಸಲ ತಲೆಗೆ ಹೋಯಿತು. ಆ ಹುಡುಗನಿಗೆ ಆ ಕಚೇರಿಯಲ್ಲಿ ಕೆಲಸ ಯಾರೂ ಕೊಡುವುದಿಲ್ಲ. ಕೊಟ್ಟಿದ್ದರೆ ನಾನು ಹೀಗೇ ಇರುತ್ತಿದ್ದೆ, ನೋಡಿ, ನನಗೇನು ಕಡಿಮೆ ಅಂತ ತೋರಿಸುತ್ತಿದ್ದಾನೆ. ಇನ್ನೊಂದು ಮುಖವೂ ಇದೆ. ಬಾಲ್ ಮುಗಿದ ಮೇಲೆ ಅದೇ ಬಟ್ಟೆಯಲ್ಲಿ ಸಬ್‌ವೇ ರೈಲು ಹತ್ತಿ ಮನೆ ಮುಟ್ಟಬೇಕು. ಯಾರಿಗೂ ಗೊತ್ತಾಗದೆ ಹೋದರೆ ಒದೆ ತಿನ್ನುವುದಿಲ್ಲ. ಹಾಲ್ ಒಳಗಿನ 10 ಅಂಕ ಹೊರಗೆ ಜೀವ ಉಳಿಸುವ ವಿದ್ಯೆ.

ಎಚ್-1ಬಿ ವೀಸಾ ಸಂದರ್ಶನಕ್ಕೆ ಇಸ್ತ್ರಿ ಮಾಡಿದ ಶರ್ಟು, ಬದಲಾಯಿಸಿದ ಉಚ್ಚಾರಣೆ ಹಾಕಿಕೊಂಡು ಹೋದವರಿಗೆ ಇದರ ಒಂದು ಚೂರು ಅರ್ಥ ಆಗಬಹುದು. ಚೂರು ಮಾತ್ರ.

ವೋಗ್ ಡ್ಯಾನ್ಸ್ ಮಡೋನಾ ಕಂಡುಹಿಡಿದಿದ್ದು ಅಲ್ವಾ?

ಅಲ್ಲ, ಅಲ್ಲ, ಅಲ್ಲ. ಪಾಪ್ ಗಾಯಕಿ ಮಡೋನಾ ಅವರ ‘ವೋಗ್’ ಹಾಡು ಬಂದಿದ್ದು 1990ರಲ್ಲಿ. ಅಷ್ಟರಲ್ಲಿ ಹಾರ್ಲೆಮ್‌ನಲ್ಲಿ ವೋಗಿಂಗ್‌ಗೆ ಎಷ್ಟೋ ವರ್ಷ ಆಗಿತ್ತು. ಆಕೆಗೆ ಹೆಜ್ಜೆ ಕೊಟ್ಟಿದ್ದು, ವಿಡಿಯೊದಲ್ಲಿ ಜೊತೆಗೆ ಕುಣಿದಿದ್ದು ಹೋಸೆ ಮತ್ತು ಲೂಯಿಸ್, ಇಬ್ಬರೂ ಎಕ್ಸ್‌ಟ್ರಾವಗಾನ್ಜಾ ಮನೆಯ ಹುಡುಗರು.

ಹೆಸರು ಬಂದಿದ್ದು ವೋಗ್ ಅನ್ನುವ ಫ್ಯಾಷನ್ ಪತ್ರಿಕೆಯಿಂದ. ಪ್ಯಾರಿಸ್ ಡುಪ್ರೀ ಅನ್ನುವವರು ಪತ್ರಿಕೆಯ ಪುಟ ತಿರುಗಿಸುತ್ತಾ, ಅದರಲ್ಲಿನ ರೂಪದರ್ಶಿ ನಿಂತ ಹಾಗೆ ತಾಳಕ್ಕೆ ಸರಿಯಾಗಿ ನಿಂತು ತೋರಿಸಿದರು ಅಂತ ಒಂದು ಕಥೆ ಇದೆ. ಜೈಲಿನಲ್ಲಿ ಹೊತ್ತು ಕಳೆಯೋಕೆ ಶುರುವಾಯಿತು ಅನ್ನುವ ಕಥೆಯೂ ಇದೆ. ಹಳೇ ಶೈಲಿಯಲ್ಲಿ ಗೆರೆ ಎಳೆದ ಹಾಗೆ ಕೈಕಾಲು, ಗಕ್ಕನೆ ನಿಲ್ಲುವ ಭಂಗಿ. ಆಮೇಲೆ ಬಂದ ಶೈಲಿಗಳಲ್ಲಿ ಕೈಚಳಕ, ಕುಕ್ಕರಗಾಲಲ್ಲಿ ನಡೆಯುವ ಡಕ್‌ವಾಕ್, ತಿರುಗಿ ತಿರುಗಿ ಬೆನ್ನ ಮೇಲೆ ದೊಪ್ಪನೆ ಬೀಳುವ ಡಿಪ್ ಎಲ್ಲ ಸೇರಿದವು. ಇಬ್ಬರ ನಡುವೆ ಜಗಳ ಇದ್ದರೆ ಕೈ ಎತ್ತುವ ಬದಲು ನೆಲದ ಮೇಲೆ ವೋಗ್ ಮಾಡಿ ತೀರಿಸಿಕೊಳ್ಳುತ್ತಿದ್ದರಂತೆ. ನಮ್ಮ ಹಾಲ್ ಕಾರ್ಪೆಟ್ ನೆಲದ್ದು. ಡಿಪ್ ಪ್ರಯತ್ನ ಬೇಡ, ವಿಮೆ ಇಲ್ಲ.

ಬೈಯೋದು ಜಾಸ್ತಿ ಇದೆಯಂತೆ?

ಇದೆ. ಅದನ್ನು ‘ರೀಡಿಂಗ್’ ಅನ್ನುತ್ತಾರೆ. ಎದುರಿಗಿರುವವರ ಒಂದು ಹುಳುಕು ಹಿಡಿದು, ಅದನ್ನು ಎಷ್ಟು ಚಂದವಾಗಿ ಚುಚ್ಚಬಹುದೋ ಅಷ್ಟು ಚುಚ್ಚುವುದು. ‘ಶೇಡ್’ ಅಂದರೆ ಅದನ್ನೂ ಬಾಯಿ ಬಿಟ್ಟು ಹೇಳದೆ ಒಂದು ನೋಟದಲ್ಲಿ ಮುಗಿಸುವುದು. ನಮ್ಮ ಅತ್ತೆಯಂದಿರಿಗೆ ಈ ವಿದ್ಯೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಸಿನಿಮಾನೇ ಯಾಕೆ? ಹಳೇದಲ್ವಾ?

ಹಳೇದೇ. ಚಿತ್ರೀಕರಣ ನಡೆದಿದ್ದು ಎಂಬತ್ತರ ದಶಕದ ನಡುವಿನಿಂದ ಕೊನೆಯವರೆಗೆ, ಹೊರಬಂದಿದ್ದು 1990ರಲ್ಲಿ, 1991ರಲ್ಲಿ ಸನ್‌ಡ್ಯಾನ್ಸ್ ಉತ್ಸವದ ದೊಡ್ಡ ಬಹುಮಾನ ಬಂತು. 2016ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಕಾಪಿಡಬೇಕಾದ ಸಿನಿಮಾಗಳ ಪಟ್ಟಿಗೆ ಸೇರಿಸಿತು. ಹೆಸರು ಪ್ಯಾರಿಸ್ ಊರಿಂದ ಬಂದಿದ್ದಲ್ಲ. ಮೇಲೆ ಹೇಳಿದ ಪ್ಯಾರಿಸ್ ಡುಪ್ರೀ ನಡೆಸುತ್ತಿದ್ದ ಬಾಲ್‌ನ ಹೆಸರು ಅದು.

ನಾವು ಇದನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಸಿನಿಮಾದಲ್ಲಿ ವೀನಸ್ ಎಕ್ಸ್‌ಟ್ರಾವಗಾನ್ಜಾ ಅನ್ನುವ ಸಣ್ಣ ಮೈಯ, ಮೆಲು ದನಿಯ ಹುಡುಗಿ ಬರುತ್ತಾಳೆ. ಮದುವೆ, ಸ್ವಂತ ಮನೆ ಬೇಕು ಅನ್ನುತ್ತಾಳೆ. ಆಕೆ ಹುಟ್ಟಿದ್ದು ಜೆರ್ಸಿ ಸಿಟಿಯಲ್ಲಿ. ಹೌದು, ಇದೇ ಊರು. ನಾವು ದಿನಾ ಹತ್ತುವ ಪಾತ್ ರೈಲಿನ ಊರು. ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ ಆದಮೇಲೆ ನನಗೆ ಇದು ಗೊತ್ತಾಯಿತು.

ವೀನಸ್ ಈಗ ಎಲ್ಲಿದ್ದಾಳೆ? ಉಳಿದವರು?

ಇದನ್ನು ಮುಂಚೆಯೇ ಹೇಳಿಬಿಡುವುದು ಒಳ್ಳೆಯದು, ಹಾಲ್‌ನಲ್ಲಿ ಏಕಾಏಕಿ ಎದುರಾಗುವುದು ಬೇಡ. 1988ರ ಡಿಸೆಂಬರ್‌ನಲ್ಲಿ, ಚಿತ್ರೀಕರಣ ಇನ್ನೂ ನಡೆಯುತ್ತಿದ್ದಾಗ, ವೀನಸ್‌ಳನ್ನು ಕೊಂದರು. ನ್ಯೂಯಾರ್ಕಿನ ಒಂದು ಹೋಟೆಲ್ ಕೋಣೆಯಲ್ಲಿ ಹೆಣ ಸಿಕ್ಕಿತು. ಆಕೆಗೆ 23 ವರ್ಷ. ಸಿನಿಮಾ ಮುಗಿಯುವ ಹೊತ್ತಿಗೂ ಕೊಂದವರು ಸಿಕ್ಕಿರಲಿಲ್ಲ. ಸಿನಿಮಾದಲ್ಲಿ ಈ ಸುದ್ದಿ ನಮಗೆ ಹೇಳುವವರು ಏಂಜಿ, ಹೌಸ್‌ನ ಮದರ್. ಕಣ್ಣೀರು ಸುರಿಸುವುದಿಲ್ಲ, ಮಾತು ಮಾತ್ರ ಆಗಾಗ ನಿಲ್ಲುತ್ತದೆ.

ಏಂಜಿ 1993ರಲ್ಲಿ ಏಡ್ಸ್ ಸಂಬಂಧದ ಕಾಯಿಲೆಯಿಂದ ತೀರಿಕೊಂಡರು, 28 ವರ್ಷಕ್ಕೆ. ಕನ್ನಡಿ ಮುಂದೆ ಕೂತು ನಿಧಾನವಾಗಿ ಬಣ್ಣ ಹಚ್ಚುತ್ತಾ ಮಾತಾಡುವ ಡೋರಿಯನ್ ಕೋರಿ ಕೂಡ ಅದೇ ವರ್ಷ ಹೋದರು. ಪೆಪ್ಪರ್ ಲಬೇಜಾ 2003ರಲ್ಲಿ, ವಿಲ್ಲಿ ನಿಂಜಾ 2006ರಲ್ಲಿ, ಸಿನಿಮಾದಲ್ಲಿ ಬರುವ ಇನ್ನೊಬ್ಬರು ಆಕ್ಟೇವಿಯಾ ಸೇಂಟ್ ಲಾರೆಂಟ್ 2009ರಲ್ಲಿ. ವಿಲ್ಲಿ ನಿಂಜಾ ಒಬ್ಬರು ಮಾತ್ರ ಅಂದುಕೊಂಡ ಹಾಗೆ ಜಗತ್ತು ಸುತ್ತಿದರು, ದೊಡ್ಡ ರೂಪದರ್ಶಿಗಳಿಗೆ ನಡಿಗೆ ಕಲಿಸಿದರು.

ಸಿನಿಮಾದಲ್ಲಿ ಏಡ್ಸ್ ಬಗ್ಗೆ ನೇರ ಮಾತು ಕಡಿಮೆ. ಆದರೆ ಆ ಹಾಲ್‌ನಲ್ಲಿದ್ದ ಎಷ್ಟೋ ಜನ ಅದಕ್ಕೇ ಹೋದರು. 1989ರಲ್ಲಿ ರೋಸ್‌ಲ್ಯಾಂಡ್ ಬಾಲ್‌ರೂಮ್‌ನಲ್ಲಿ ‘ಲವ್ ಬಾಲ್’ ನಡೆಸಿ ಏಡ್ಸ್ ನಿಧಿಗೆ ಹಣ ಎತ್ತಿದರು. ಆಮೇಲೆ ಜಿಎಂಎಚ್‌ಸಿ ಅನ್ನುವ ಏಡ್ಸ್ ನೆರವಿನ ಸಂಸ್ಥೆ ‘ಲೇಟೆಕ್ಸ್ ಬಾಲ್’ ಶುರುಮಾಡಿತು. ಲೇಟೆಕ್ಸ್ ಅಂದರೆ ಕಾಂಡೋಮಿನ ರಬ್ಬರ್. ಹೆಸರಲ್ಲೇ ಗೊತ್ತಾಗುತ್ತದೆ, ಕಾಂಡೋಮ್ ಹಂಚೋಕೆ, ಎಚ್‌ಐವಿ ಪರೀಕ್ಷೆ ಮಾಡೋಕೆ ಬಾಲ್‌ಗಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು?

ಸಿನಿಮಾ ಮಾಡಿದವರು ದುಡ್ಡು ಮಾಡಿಕೊಂಡ್ರು, ಇವರಿಗೆ ಏನೂ ಸಿಗಲಿಲ್ಲ ಅಂತ ಓದಿದೆ. ನಿಜವಾ?

ಪೂರ್ತಿ ಹಾಗಲ್ಲ, ಆದರೆ ಪ್ರಶ್ನೆ ಸರಿಯಾಗಿಯೇ ಇದೆ. ನಿರ್ದೇಶನ ಜೆನ್ನಿ ಲಿವಿಂಗ್‌ಸ್ಟನ್ ಅವರದು. ಬಿಳಿ ಜನಾಂಗದವರು, ಬಾಲ್‌ರೂಮ್‌ಗೆ ಹೊರಗಿನವರು. ಅನುದಾನಕ್ಕೆ ಅಲೆದು, ವರ್ಷಗಟ್ಟಲೆ ಕೂತು ಮಾಡಿದ ಸಿನಿಮಾ. ಅದು ಯಾರೂ ಎಣಿಸದಷ್ಟು ಓಡಿತು, ಚಿತ್ರಮಂದಿರಗಳಲ್ಲೇ ಹತ್ತಿರ ಹತ್ತಿರ 40 ಲಕ್ಷ ಡಾಲರ್ ಬಂತು. ಆಗ ಸಿನಿಮಾದಲ್ಲಿದ್ದವರು ನಮ್ಮ ಪಾಲು ಎಲ್ಲಿ ಅಂದರು. ಪ್ಯಾರಿಸ್ ಡುಪ್ರೀ 4 ಕೋಟಿ ಡಾಲರ್ ಕೇಳಿದರು. ಎಲ್ಲರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರಿಂದ ಕಾನೂನಿನಲ್ಲಿ ಅದು ನಿಲ್ಲಲಿಲ್ಲ. ಕೊನೆಗೆ ಸುಮಾರು 55,000 ಡಾಲರನ್ನು 13 ಜನರಿಗೆ, ಯಾರು ಎಷ್ಟು ಹೊತ್ತು ತೆರೆ ಮೇಲಿದ್ದರು ಅಂತ ಲೆಕ್ಕ ಹಾಕಿ ಹಂಚಿದರು. ಸಾಕ್ಷ್ಯಚಿತ್ರದಲ್ಲಿ ಮಾತಾಡಿದವರಿಗೆ ದುಡ್ಡು ಕೊಡುವ ಪದ್ಧತಿ ಇಲ್ಲ, ಇಷ್ಟು ಕೊಟ್ಟಿದ್ದೇ ಹೆಚ್ಚು ಅನ್ನುವವರೂ ಇದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ಸಿನಿಮಾ ಒಳ್ಳೆಯದು, ಲೆಕ್ಕ ಒಳ್ಳೆಯದಲ್ಲ. ಜೀವನವೇ ಕಚ್ಚಾ ಸರಕು ಆದಾಗ ಸಹಿ ಒಂದೇ ಸಾಕಾಗುವುದಿಲ್ಲ. ನಮ್ಮ ಗುಂಪಿನಲ್ಲಿ ಇಬ್ಬರು ಇದನ್ನು ಒಪ್ಪುವುದಿಲ್ಲ, ಅವರೂ ಶನಿವಾರ ಬರುತ್ತಾರೆ. ಕಪ್ಪು ಸ್ತ್ರೀವಾದಿ ಲೇಖಕಿ ಬೆಲ್ ಹುಕ್ಸ್ ಇನ್ನೂ ಕಟುವಾಗಿ ಬರೆದರು. ಕಪ್ಪು ಜನರ ಕಷ್ಟ ಬಿಳಿ ಪ್ರೇಕ್ಷಕರಿಗೆ ತಮಾಷೆ ಆಯಿತು, ಕ್ಯಾಮೆರಾ ಹಿಡಿದವರು ಯಾರು ಅನ್ನೋದನ್ನು ಸಿನಿಮಾ ಮುಚ್ಚಿಟ್ಟಿತು ಅನ್ನುವುದು ಆಕೆಯ ತಕರಾರು. ನೋಡುವಾಗ ನೀವು ಎಲ್ಲಿ ನಕ್ಕಿರಿ ಅಂತ ಗಮನ ಇಟ್ಟುಕೊಳ್ಳಿ.

ಹಾಗಾದ್ರೆ ನೀವು ಆರು ಜನ ಕನ್ನಡದವರು ಇದನ್ನ ತೋರಿಸೋದು ಎಷ್ಟು ಸರಿ?

ಈ ಪ್ರಶ್ನೆ ಕೇಳಿದವರಿಗೆ ಒಂದು ಲೋಟ ಕಾಫಿ ಬಾಕಿ ಇದೆ. 2015ರಲ್ಲಿ ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕ್‌ನಲ್ಲಿ ಇದೇ ಸಿನಿಮಾ ತೋರಿಸಲು ಹೊರಟಾಗ ಬಾಲ್‌ರೂಮ್‌ನ ಜನ ಜೋರಾಗಿ ವಿರೋಧಿಸಿದರು. ನಮ್ಮ ಕಥೆ, ವೇದಿಕೆ ಮೇಲೆ ನಮ್ಮವರೇ ಇಲ್ಲ ಅಂತ. ಆಮೇಲೆ ಕಾರ್ಯಕ್ರಮ ಬದಲಾಯಿಸಬೇಕಾಯಿತು.

ಅದಕ್ಕೇ ನಮ್ಮ ಮಾತುಕತೆ ನಡೆಸುವುದು ನಾವಲ್ಲ. ಇಪ್ಪತ್ತು ವರ್ಷದಿಂದ ವಾಕ್ ಮಾಡುತ್ತಿರುವ ಒಬ್ಬರು ಬರುತ್ತಾರೆ. ಅವರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ, ಬಂದಾಗ ಅವರೇ ಹೇಳುತ್ತಾರೆ. ಅವರಿಗೆ ಗೌರವಧನ ಕೊಡುತ್ತೇವೆ. ‘ಸಮಾಜಸೇವೆ ಅಲ್ವಾ, ಸುಮ್ನೆ ಬರಲ್ವಾ?’ ಅಂತ ನಮ್ಮಲ್ಲೇ ಒಬ್ಬರು ಕೇಳಿದರು. ಇಲ್ಲ, ಸುಮ್ನೆ ಬರಲ್ಲ, ಬರಲೂ ಬಾರದು. ಬಾಗಿಲಲ್ಲಿ ಇಟ್ಟಿರುವ ಡಬ್ಬಿ ಅದಕ್ಕೇ. ತಲೆಗೆ 10 ಡಾಲರ್ ಹಾಕಿ, ಇಲ್ಲದವರು ಹಾಕಬೇಡಿ.

ಆನ್‌ಲೈನ್‌ನಲ್ಲಿ ಸಿಗುತ್ತಲ್ಲ, ಮನೇಲೇ ನೋಡ್ತೀವಿ.

ನೋಡಿ. ಆದರೆ ನಾವು ಮನೇಲಿರೋ ಡಿಸ್ಕ್ ತಂದು ಹಾಲ್‌ನಲ್ಲಿ ಹಾಕುವ ಹಾಗಿಲ್ಲ. ಪುಕ್ಕಟೆ ತೋರಿಸಿದರೂ ಸಾರ್ವಜನಿಕ ಪ್ರದರ್ಶನಕ್ಕೆ ಬೇರೆ ಅನುಮತಿ ಬೇಕು. ಅದನ್ನು ದುಡ್ಡು ಕೊಟ್ಟು ತಗೊಂಡಿದ್ದೇವೆ.

ಇಂಗ್ಲಿಷ್ ಅರ್ಥ ಆಗುತ್ತಾ? ಅಮ್ಮ ಬಂದಿದ್ದಾರೆ, ಅವರಿಗೆ ಕಷ್ಟ.

ನಮಗೂ ಕಷ್ಟ. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಸಂಗೀತ ಜೋರು, ಪದಗಳು ಅವರದೇ. ಇಂಗ್ಲಿಷ್ ಅಕ್ಷರ ಕೆಳಗೆ ಬರುತ್ತದೆ. ಅದರ ಜೊತೆ ಎರಡು ಪುಟದ ಕನ್ನಡ ಪದಪಟ್ಟಿ ಕೊಡುತ್ತೇವೆ. ಇಪ್ಪತ್ತೈದು ನಿಮಿಷಕ್ಕೊಮ್ಮೆ ಸಿನಿಮಾ ನಿಲ್ಲಿಸಿ ಕನ್ನಡದಲ್ಲಿ ಹೇಳೋಣ ಅಂತ ಒಬ್ಬರು ಸೂಚಿಸಿದರು. ನಿಲ್ಲಿಸುವುದಿಲ್ಲ. ಒಂದೂಕಾಲು ಗಂಟೆಯ ಸಿನಿಮಾ, ಒಂದೇ ಉಸಿರಿಗೆ ನೋಡಬೇಕು.

ಅಮ್ಮನನ್ನು ಕರ್ಕೊಂಡು ಬನ್ನಿ. ಹೋದ ವಾರ ನಾವು ಆರು ಜನ ಮನೆಯಲ್ಲೇ ಒಮ್ಮೆ ಹಾಕಿ ನೋಡಿದೆವು. ಒಬ್ಬರ ತಾಯಿ, ಹಾಸನದ ಕಡೆಯವರು, ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ನೋಡಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಕೊನೆಗೆ ಅವರು ಕೇಳಿದ್ದು ಒಂದೇ, ‘ಆ ಹುಡುಗಿ ಅವ್ವ ಎಲ್ಲಿದ್ಲು?’ ನಾವು ಏಂಜಿಯನ್ನು ತೋರಿಸಿದೆವು. ‘ಅವಳಲ್ಲ ಕಣೋ, ಹೆತ್ತೋಳು’ ಅಂದರು.

ಮಕ್ಕಳು?

ಅಮೆರಿಕದಲ್ಲಿ ಈ ಸಿನಿಮಾಗೆ ಆರ್ ದರ್ಜೆ, ಅಂದರೆ ಚಿಕ್ಕವರು ದೊಡ್ಡವರ ಜೊತೆಗೇ ನೋಡಬೇಕಾದ್ದು. ದೇಹ ಮಾರಿ ಬದುಕುವ ಮಾತು, ಕಳ್ಳತನದ ಮಾತು, ಕೊಲೆಯ ಸುದ್ದಿ, ಒರಟು ಭಾಷೆ ಎಲ್ಲ ಇದೆ. ಚಿಕ್ಕವರು ಬೇಡ. ಹೈಸ್ಕೂಲ್ ಮಕ್ಕಳ ವಿಷಯ ನಿಮಗೇ ಬಿಟ್ಟಿದ್ದು, ಜೊತೆಗೆ ನೀವು ಕೂರಬೇಕು. ಪಕ್ಕದ ಕೋಣೆಯಲ್ಲಿ ಚಿಕ್ಕ ಮಕ್ಕಳಿಗೆ ಚಿತ್ರ ಬಿಡಿಸುವ ಏರ್ಪಾಡು ಇದೆ.

ಇದೆಲ್ಲ ಇಂಡಿಯಾದಲ್ಲಿ ಅಪರಾಧ ಅಲ್ವಾ?

ಅಲ್ಲ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಭಾಗವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೆಗೆದುಹಾಕಿತು. ಟ್ರಾನ್ಸ್‌ಜೆಂಡರ್ ಜನರನ್ನು ಮೂರನೇ ಲಿಂಗ ಅಂತ ಗುರುತಿಸಿದ ತೀರ್ಪು ಅದಕ್ಕೂ ಮುಂಚೆ, 2014ರದ್ದು.

ಮಾತುಕತೆಯಲ್ಲಿ ಏನು ಕೇಳಬಹುದು, ಏನು ಕೇಳಬಾರದು?

ಬಾಲ್ ಬಗ್ಗೆ, ಹೌಸ್ ಬಗ್ಗೆ, ದುಡ್ಡಿನ ಬಗ್ಗೆ, ಊರಿನ ಬಗ್ಗೆ ಏನು ಬೇಕಾದರೂ ಕೇಳಿ. ಬಂದ ಅತಿಥಿಯ ಆಪರೇಷನ್ ಆಗಿದೆಯಾ, ‘ನಿಜವಾದ’ ಹೆಸರೇನು, ಮೊದಲು ಹೇಗಿದ್ದರು ಅಂತ ಕೇಳಬೇಡಿ. ನಿಮ್ಮ ಗರ್ಭಕೋಶದ ಆಪರೇಷನ್ ಬಗ್ಗೆ ಅಪರಿಚಿತರು ಮೈಕ್‌ನಲ್ಲಿ ಕೇಳಿದರೆ ಹೇಗಿರುತ್ತದೆ? ಅವರನ್ನು ಏನಂತ ಕರೆಯಬೇಕು ಅಂತ ಗೊತ್ತಾಗದಿದ್ದರೆ ಹೆಸರು ಹಿಡಿದು ಕರೆಯಿರಿ. ಕನ್ನಡದಲ್ಲಾದರೆ ‘ಅವರು’, ‘ನೀವು’ ಅಂದರೆ ಮುಗೀತು. ಈ ವಿಷಯದಲ್ಲಿ ನಮ್ಮ ಭಾಷೆ ಇಂಗ್ಲಿಷ್‌ಗಿಂತ ಸುಲಭ.

ಎರಡು ನಿಮಿಷಕ್ಕಿಂತ ಉದ್ದದ ಪ್ರಶ್ನೆ ಭಾಷಣ. ಮೈಕ್ ವಾಪಸ್ ತಗೊಳ್ಳುತ್ತೇವೆ. ಹೋದ ಸಲದ ಕಾರ್ಯಕ್ರಮದ ಅನುಭವ ಇದು, ಆ ಹಿರಿಯರು ಇದನ್ನು ಓದುತ್ತಿದ್ದರೆ ಬೇಜಾರು ಮಾಡ್ಕೋಬೇಡಿ.

ಈಗಲೂ ಬಾಲ್ ನಡೆಯುತ್ತಾ?

ನಡೆಯುತ್ತದೆ. ನ್ಯೂಯಾರ್ಕ್, ಅಟ್ಲಾಂಟಾ, ಫಿಲಡೆಲ್ಫಿಯಾ, ಆಮೇಲೆ ಪ್ಯಾರಿಸ್ ಊರಲ್ಲೂ. ಇನ್ನೂ ಚಿಕ್ಕ ವಯಸ್ಸಿನವರಿಗೆ ‘ಕಿಕಿ’ ಅನ್ನುವ ಬೇರೆ ವಲಯ ಇದೆ. 2018ರಿಂದ 2021ರವರೆಗೆ ‘ಪೋಸ್’ ಅನ್ನುವ ಧಾರಾವಾಹಿ ಬಂದಮೇಲೆ ನೋಡೋಕೆ ಬರುವವರು ಜಾಸ್ತಿ ಆಗಿದ್ದಾರೆ. ಹೋಗುವುದಾದರೆ ಕೈ ಕಟ್ಟಿ ನಿಲ್ಲಬೇಡಿ, ಕೂಗಿ. ವಾಕ್ ಮಾಡುವ ದಾರಿಗೆ ಅಡ್ಡ ಬರಬೇಡಿ.

ಸಿನಿಮಾದ ಜಾಗಗಳನ್ನ ಹೋಗಿ ನೋಡಬಹುದಾ?

ಬಾಲ್‌ಗಳು ನಡೆದಿದ್ದು ಹಾರ್ಲೆಮ್‌ನ 129ನೇ ಬೀದಿಯ ಇಂಪೀರಿಯಲ್ ಎಲ್ಕ್ಸ್ ಲಾಡ್ಜ್‌ನಲ್ಲಿ. ಆದರೆ ನಾನಾದರೆ ಮೊದಲು ಹತ್ತಿರದ ಜಾಗಕ್ಕೆ ಹೋಗುತ್ತೇನೆ. ವಾರದ ದಿನ ಜರ್ನಲ್ ಸ್ಕ್ವೇರ್‌ನಲ್ಲಿ 33ನೇ ಬೀದಿಯ ಪಾತ್ ರೈಲು ಹತ್ತಿ. ಗ್ರೋವ್ ಸ್ಟ್ರೀಟ್, ನ್ಯೂಪೋರ್ಟ್ ಆದಮೇಲೆ ರೈಲು ಹಡ್ಸನ್ ನದಿಯ ಕೆಳಗೆ ಇಳಿಯುತ್ತದೆ, ಕಿವಿ ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಮುಂದಿನ ನಿಲ್ದಾಣ ಕ್ರಿಸ್ಟೋಫರ್ ಸ್ಟ್ರೀಟ್. ಇಕ್ಕಟ್ಟಾದ ಮೆಟ್ಟಿಲು ಹತ್ತಿ ಹೊರಗೆ ಬಂದು ನದಿ ಕಡೆ ತಿರುಗಿದರೆ ಹಳೇ ಹಡಗುಕಟ್ಟೆಗಳು. ಮನೆ ಬಿಟ್ಟು ಬಂದ ಹುಡುಗ ಹುಡುಗಿಯರು ರಾತ್ರಿಯೆಲ್ಲ ಸೇರುತ್ತಿದ್ದಿದ್ದು, ವೋಗ್ ಅಭ್ಯಾಸ ಮಾಡುತ್ತಿದ್ದಿದ್ದು ಅಲ್ಲೇ. ವೀನಸ್ ಕಥೆ ಹೇಳುವ ಸಿನಿಮಾದ ದೃಶ್ಯಗಳಲ್ಲೂ ಆ ಕಟ್ಟೆ ಬರುತ್ತದೆ. ಈಗ ಅದು ಹುಲ್ಲು ಹಾಸಿದ ಪಾರ್ಕು, ಬಿಸಿಲು ಕಾಯಿಸುವವರು, ನಾಯಿ ಆಡಿಸುವವರು. ಎದುರು ದಡದಲ್ಲಿ ನಮ್ಮ ಕಟ್ಟಡಗಳು ಕಾಣುತ್ತವೆ.

ಫೋಟೋ, ವಿಡಿಯೊ?

ತಿಂಡಿ ಫೋಟೋ ತೆಗೆಯಿರಿ. ಚಿತ್ರಾನ್ನ, ಕೋಸಂಬರಿ, ಕಾಫಿ ಇರುತ್ತದೆ. ಜನರ ಫೋಟೋ ಬೇಡ. ಬಂದವರೆಲ್ಲ ತಾವು ಬಂದಿದ್ದು ಊರಿಗೆ ಗೊತ್ತಾಗಲಿ ಅಂತ ಬಯಸುವುದಿಲ್ಲ.

ನಾನು ಮನೇಲಿ ಯಾರಿಗೂ ಹೇಳಿಲ್ಲ. ನಾನು ಬಂದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?

ಈ ಪ್ರಶ್ನೆ ಒಬ್ಬರಿಗಿಂತ ಹೆಚ್ಚು ಜನರಿಂದ ಬಂದಿದೆ, ಅಷ್ಟೇ ಹೇಳುತ್ತೇನೆ. ಹೆಸರು ನೋಂದಾಯಿಸಬೇಕಾಗಿಲ್ಲ, ಬಾಗಿಲಲ್ಲಿ ಪಟ್ಟಿ ಇಲ್ಲ. ಪರಿಚಯ ಮಾಡಿಕೊಳ್ಳಿ ಅಂತ ಮೈಕ್ ಕೊಡುವುದಿಲ್ಲ. ಯಾರಾದರೂ ಸಿಕ್ಕರೆ ‘ಸಿನಿಮಾ ನೋಡೋಕೆ ಬಂದೆ’ ಅಂದರೆ ಸಾಕು, ಎಲ್ಲರೂ ಬಂದಿರೋದು ಅದಕ್ಕೇ. 4 ಗಂಟೆ 10 ನಿಮಿಷಕ್ಕೆ ದೀಪ ಆರಿಸುತ್ತೇವೆ, ಆಮೇಲೆ ಒಳಗೆ ಬಂದರೂ ಪರವಾಗಿಲ್ಲ. ಹಿಂದಿನ ಬಾಗಿಲು ಪಾರ್ಕಿಂಗ್ ಕಡೆಗೆ ತೆರೆಯುತ್ತದೆ, ಅದಕ್ಕೆ ಬೀಗ ಹಾಕಿರುವುದಿಲ್ಲ. ಅದರ ಪಕ್ಕದ ಕೊನೇ ಸಾಲಿನಲ್ಲಿ ನಾಲ್ಕು ಕುರ್ಚಿ ಖಾಲಿ ಬಿಟ್ಟಿರುತ್ತೇವೆ.